ಮೊರೊಕ್ಕೊದ ಪುದೀನ ಚಹಾ ಮನೆಯಲ್ಲಿ: ತಪ್ಪು ಸೊಪ್ಪಿನದಲ್ಲ

ಪ್ರವಾಸದಿಂದ ಮರಳಿದವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಮಾತು. ಮರಾಕೆಶ್‌ನಲ್ಲೋ ಫೆಸ್‌ನಲ್ಲೋ ಕುಡಿದ ಪುದೀನ ಚಹಾದ ರುಚಿ ಇನ್ನೂ ನಾಲಿಗೆಯಿಂದ ಇಳಿದಿಲ್ಲ. ಆದರೆ ಮನೆಗೆ ಬಂದು ಗ್ರೀನ್ ಟೀ ಕುದಿಸಿ, ಒಂದು ಹಿಡಿ ಪುದೀನ ಹಾಕಿ, ಸಕ್ಕರೆ ಬೆರೆಸಿದರೆ ಶೀತಕ್ಕೆ ಕಾಸಿದ ಕಷಾಯದ ಹಾಗಾಗುತ್ತದೆ. ಎಲ್ಲಿ ತಪ್ಪಿತು? ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಕರಾವಳಿಯವರ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿನ ಕೆಫೆಟೇರಿಯಾಗಳಲ್ಲಿ ಸಿಗುವ ಲೆಮನ್ ಮಿಂಟ್ ನಮ್ಮ ಮಿಕ್ಸಿಯಲ್ಲಿ ಮಾಡಿದರೆ ಯಾಕೆ ಕಹಿ?

ಹೆಚ್ಚಿನವರು ದೂರುವುದು ಪುದೀನವನ್ನು. ‘ಅಲ್ಲಿಯ ಸೊಪ್ಪೇ ಬೇರೆ, ನಮ್ಮದರಲ್ಲಿ ಆ ಘಮ ಇಲ್ಲ’ ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಸಂತೆಯಲ್ಲಿ ಕಟ್ಟಿಗಿಷ್ಟು ಎಂದು ಸಿಗುವ ಪುದೀನ ಈ ಪಾನೀಯಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ಕೆಡುವುದು ಚಹಾದ ಜಾತಿಯಲ್ಲಿ, ಅದನ್ನು ತೊಳೆಯದೆ ಬಿಡುವುದರಲ್ಲಿ, ಸೊಪ್ಪನ್ನು ಕುದಿಸಿಬಿಡುವುದರಲ್ಲಿ. ಈ ಮೂರನ್ನು ಸರಿಮಾಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದ ಹಾಗೆ. ಮೊರೊಕ್ಕೊದ ಚಹಾವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಕಲಿಯುವುದು ಬಹಳ ಇದೆ. ಇರಾನಿನ ಪುದೀನ ಪಾಕ ಸೆಕಂಜಬೀನ್, ಲೆಮನ್ ಮಿಂಟ್ ಮತ್ತು ಇರಾನಿನವರ ಪುದೀನ ಮಜ್ಜಿಗೆ ದೂಗ್ ಆಮೇಲೆ.

ಮೊದಲು ಸೊಪ್ಪಿನ ವಿಚಾರ

ಪುದೀನದಲ್ಲಿ ಹಲವು ಜಾತಿ. ಮೊರೊಕ್ಕೊದವರು ‘ನಾನಾ’ ಎನ್ನುವುದು ಸ್ಪಿಯರ್‌ಮಿಂಟ್ ಜಾತಿಗೆ. ಅದರ ಘಮಕ್ಕೆ ಕಾರಣ ಕಾರ್ವೋನ್ ಎಂಬ ತೈಲಾಂಶ. ಅದು ಸಿಹಿಯಾಗಿ, ಹಸಿರಾಗಿ ಮೂಗಿಗೆ ಬಡಿಯುತ್ತದೆ. ಪೆಪ್ಪರ್‌ಮಿಂಟ್‌ನಲ್ಲಿ ಹೆಚ್ಚಿರುವುದು ಮೆಂಥಾಲ್. ನಾಲಿಗೆ ತಣ್ಣಗಾಗುವುದು, ಗಂಟಲು ಬಿಟ್ಟಂತಾಗುವುದು ಅದರಿಂದ. ಉತ್ತರಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಟಲೆ ಬೆಳೆಯುವುದು ಮೆಂಥಾಲ್ ತೆಗೆಯುವ ಇನ್ನೊಂದು ಜಾತಿ. ಅದು ಚಹಾಕ್ಕೆ ಹೇಳಿದ್ದಲ್ಲ. ನಾವು ಚಟ್ನಿಗೂ ಪಲಾವಿಗೂ ಬಳಸುವ ಸೊಪ್ಪು ಬಹುಪಾಲು ಸ್ಪಿಯರ್‌ಮಿಂಟ್, ಇಲ್ಲವೇ ಅದರ ಹತ್ತಿರದ ನೆಂಟ.

ಅನುಮಾನವಿದ್ದರೆ ಒಂದು ಎಲೆ ಜಗಿದು, ಬಾಯಿ ತೆರೆದು ಗಾಳಿ ಎಳೆದುಕೊಳ್ಳಿ. ಬಾಯೆಲ್ಲ ಟೂತ್‌ಪೇಸ್ಟಿನಂತೆ ತಣ್ಣಗಾದರೆ ಅದರಲ್ಲಿ ಮೆಂಥಾಲ್ ಜಾಸ್ತಿ. ಬೇರೆ ಕಟ್ಟು ತನ್ನಿ. ಸಿಹಿ ಘಮ ಬಂದು, ತಂಪು ಹಿತಮಿತವಾಗಿದ್ದರೆ ಅದೇ ಸರಿ. ‘ಮಿಂಟ್ ಟೀ’ ಎಂದು ಪೊಟ್ಟಣದಲ್ಲಿ ಮಾರುವ ಟೀ ಬ್ಯಾಗುಗಳಲ್ಲಿ ಸಾಮಾನ್ಯವಾಗಿ ಇರುವುದು ಒಣಗಿದ ಪೆಪ್ಪರ್‌ಮಿಂಟ್. ಅದರಿಂದ ಮೊರೊಕ್ಕೊದ ರುಚಿ ಬರುವುದೇ ಇಲ್ಲ. ದುಡ್ಡು ಹಾಳು ಮಾಡಿಕೊಳ್ಳಬೇಡಿ.

ಕೊಳ್ಳುವಾಗ ಎಲೆಯ ಗಾತ್ರ ನೋಡಬೇಡಿ, ದಂಟು ನೋಡಿ. ಬುಡದ ದಂಟು ಮರದಂತೆ ಬಲಿತು ಕೆಂಪಾಗಿದ್ದರೆ ಅಷ್ಟನ್ನು ಮುರಿದು ತೆಗೆಯಬೇಕು. ತುದಿಯ ಎಳೆ ದಂಟನ್ನು ಮಾತ್ರ ಎಸೆಯಬೇಡಿ. ಅದರಲ್ಲೂ ಒಳ್ಳೆಯ ಘಮವಿದೆ, ಮೊರೊಕ್ಕೊದವರು ದಂಟಿನ ಸಮೇತವೇ ಪಾತ್ರೆಗೆ ತುರುಕುತ್ತಾರೆ. ಹೂ ಬಿಟ್ಟ ಸೊಪ್ಪು ಬೇಡ, ಅದರ ರುಚಿ ಒರಟು. ಮಣ್ಣು ಹೋಗುವವರೆಗೆ 3 ನೀರಿನಲ್ಲಿ ಜಾಲಿಸಿ ತೊಳೆಯಿರಿ, ಆದರೆ ನೀರಿನಲ್ಲಿ ನೆನೆಹಾಕಿ ಬಿಡಬೇಡಿ. ಆ ದಿನವೇ ಬಳಸದಿದ್ದರೆ ಹೂವಿನ ಕೊತ್ತಿನ ಹಾಗೆ ದಂಟನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಮುಚ್ಚಿ ಫ್ರಿಜ್‌ನಲ್ಲಿಡಿ.

ಚಹಾದ ವಿಚಾರ

ಮೊರೊಕ್ಕೊದಲ್ಲಿ ಚಹಾಕ್ಕೆ ‘ಅತಾಯ್’ ಅನ್ನುತ್ತಾರೆ. ಅದಕ್ಕೆ ಬೇಕಾದದ್ದು ಗನ್‌ಪೌಡರ್ ಗ್ರೀನ್ ಟೀ. ಹೆಸರು ಕೇಳಿ ಗಾಬರಿಯಾಗಬೇಡಿ. ಎಲೆಗಳನ್ನು ಸಣ್ಣ ಗುಂಡುಗಳಾಗಿ ಸುರುಳಿ ಸುತ್ತಿ ಒಣಗಿಸಿರುತ್ತಾರೆ, ನೋಡಲು ಹಳೆಯ ಕಾಲದ ಕೋವಿಮದ್ದಿನ ಕಾಳಿನಂತಿರುತ್ತದೆ, ಅದಕ್ಕೆ ಆ ಹೆಸರು. ಚೀನೀಯರು ಇದನ್ನೇ ‘ಝೂ ಚಾ’, ಅಂದರೆ ಮುತ್ತಿನ ಚಹಾ, ಎನ್ನುತ್ತಾರೆ. ಬೆಳೆದು ತಯಾರಿಸುವುದು ಮುಖ್ಯವಾಗಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ.

ಚೀನಾದ ಚಹಾ ಆಫ್ರಿಕದ ಒಂದು ದೇಶದ ಮನೆಮನೆಯ ಪಾನೀಯವಾದ ಹಿಂದೆ ವ್ಯಾಪಾರದ ಕಥೆಯಿದೆ. 18ನೇ ಶತಮಾನದಲ್ಲಿ ಚಹಾ ಮೊರೊಕ್ಕೊದ ಸುಲ್ತಾನರ ಆಸ್ಥಾನಕ್ಕೆ ಯುರೋಪಿನವರ ಕಾಣಿಕೆಯಾಗಿ ಬರುತ್ತಿತ್ತು, ಜನಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. 1853ರಿಂದ 1856ರವರೆಗೆ ರಷ್ಯದೊಂದಿಗೆ ನಡೆದ ಕ್ರೈಮಿಯ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿಗಳಿಗೆ ಬಾಲ್ಟಿಕ್ ಕಡೆಯ ಮಾರುಕಟ್ಟೆ ಮುಚ್ಚಿಹೋಯಿತು. ಮಾರಾಟವಾಗದ ಸರಕನ್ನು ಅವರು ಟಾಂಜಿಯರ್ ಮತ್ತು ಮೊಗಾದೋರ್ ಬಂದರುಗಳಲ್ಲಿ ಇಳಿಸಿದರು. ಮೊಗಾದೋರ್ ಅಂದರೆ ಇಂದಿನ ಎಸ್ಸವೀರಾ. ಅಲ್ಲಿನವರು ಮೊದಲಿಂದ ಪುದೀನವನ್ನೂ ಬೇರೆ ಸೊಪ್ಪುಗಳನ್ನೂ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದರು. ಆ ಲೋಟಕ್ಕೆ ಚಹಾ ಸೇರಿಕೊಂಡಿತು. ಇಂದು ಚೀನಾದ ಹಸಿರು ಚಹಾ ಕೊಳ್ಳುವ ದೇಶಗಳಲ್ಲಿ ಮೊರೊಕ್ಕೊ ಮುಂಚೂಣಿಯಲ್ಲಿದೆ.

ನಮ್ಮಲ್ಲಿ ಇದು ಬೀದಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ‘ಗನ್‌ಪೌಡರ್ ಗ್ರೀನ್ ಟೀ’ ಎಂದು ಹುಡುಕಿ, ಅಥವಾ ಕೊಲ್ಲಿಯಿಂದ ಬರುವ ನೆಂಟರಿಗೆ ಹೇಳಿ ತರಿಸಿಕೊಳ್ಳಿ. ಗುಂಡುಗಳು ಬಿಗಿಯಾಗಿ, ಕೊಂಚ ಹೊಳಪಾಗಿರಬೇಕು. ಪೊಟ್ಟಣದ ತಳದಲ್ಲಿ ಪುಡಿ ಹೆಚ್ಚಿದ್ದರೆ ಸರಕು ಹಳೆಯದು ಅಥವಾ ಕೀಳು ದರ್ಜೆಯದು. ನಾಲ್ಕು ಕಾಳು ಬಿಸಿನೀರಿಗೆ ಹಾಕಿ ನೋಡಿ. ಒಳ್ಳೆಯದಾದರೆ ನಿಧಾನಕ್ಕೆ ಬಿಚ್ಚಿಕೊಂಡು ಎಲೆಯ ಆಕಾರ ಕಾಣಿಸುತ್ತದೆ.

ಸಿಗಲೇ ಇಲ್ಲವೆಂದರೆ ನೀಲಗಿರಿಯ ಅಥವಾ ಕಾಂಗ್ರಾದ ಬಿಡಿ ಎಲೆಯ ಹಸಿರು ಚಹಾ ಆಗುತ್ತದೆ. ಆದರೆ ಅದು ಕುದಿ ತಡೆಯುವುದಿಲ್ಲ. ಕೆಳಗೆ ಹೇಳುವ 5ನೇ ಹಂತವನ್ನು ಅದಕ್ಕೆ ಪೂರ್ತಿ ಬಿಟ್ಟು, ಬಿಸಿನೀರಿನಲ್ಲಿ 2 ನಿಮಿಷ ನೆನೆಸಿದರೆ ಸಾಕು. ಟೀ ಬ್ಯಾಗಿನೊಳಗಿನ ಹಸಿರು ಪುಡಿ ಮಾತ್ರ ಖಂಡಿತ ಬೇಡ. ಅದನ್ನು ತೊಳೆಯಲು ಬರುವುದಿಲ್ಲ, ಇಲ್ಲಿ ತೊಳೆಯುವುದೇ ಪ್ರಾಣ.

ಪಾತ್ರೆ ಮತ್ತು ಅಳತೆ

ಅಲ್ಲಿ ಬಳಸುವುದು ‘ಬೆರ್ರಾದ್’ ಎಂಬ ಲೋಹದ ಕೆಟಲ್. ಹೊಟ್ಟೆ ದಪ್ಪ, ಮುಚ್ಚಳ ಗೋಪುರದಂತೆ, ಮೂತಿ ಉದ್ದ ಮತ್ತು ಬಾಗಿದ್ದು. ಮೂತಿಯ ಬುಡದಲ್ಲಿ ಒಳಗಡೆ ತೂತುಗಳಿರುತ್ತವೆ, ಎಲೆ ಅಲ್ಲಿಯೇ ನಿಲ್ಲುತ್ತದೆ. ಮನೆಯಲ್ಲಿ ಸ್ಟೀಲಿನ ಸಣ್ಣ ಕೆಟಲ್ ಇದ್ದರೆ ಸಾಕು. ಮೂತಿ ಉದ್ದವಿದ್ದಷ್ಟೂ ಹೊಯ್ಯುವುದು ಸುಲಭ. ಪ್ರವಾಸದಲ್ಲಿ ಕೊಂಡ ಚಿತ್ತಾರದ ಬೆರ್ರಾದ್ ಮನೆಯಲ್ಲಿದ್ದರೆ ಒಲೆಗೆ ಇಡುವ ಮೊದಲು ವಿಚಾರಿಸಿಕೊಳ್ಳಿ. ಅಂದಕ್ಕಾಗಿ ಮಾರುವ ಕೆಲವಕ್ಕೆ ಬೆಸುಗೆ ಗಟ್ಟಿಯಿರುವುದಿಲ್ಲ, ಒಳಗಿನ ಲೇಪವೂ ಅಡುಗೆಗೆ ತಕ್ಕದ್ದಲ್ಲ. ಅಂಥದ್ದನ್ನು ಕಪಾಟಿನಲ್ಲೇ ಇಡಿ.

ಇನ್ನು ನೀರು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಚಹಾದ ಮೇಲೆ ಕೆನೆಯಂತೆ ಕಂದು ಪೊರೆ ಕಟ್ಟುತ್ತದೆ, ರುಚಿ ಮಂಕಾಗುತ್ತದೆ. ಬೆಂಗಳೂರಿನವರಾದರೆ ಕಾವೇರಿ ನೀರು ಅಥವಾ ಫಿಲ್ಟರ್ ನೀರು ಬಳಸಿ.

4 ಸಣ್ಣ ಲೋಟಗಳಿಗೆ ಅಳತೆ ಇದು: ಗನ್‌ಪೌಡರ್ ಚಹಾ 2 ಮಟ್ಟದ ಟೀ ಚಮಚ, ಅಂದರೆ ಸುಮಾರು 6 ಗ್ರಾಂ. ನೀರು ಅರ್ಧ ಲೀಟರ್, ತೊಳೆಯಲು ಬೇರೆಯಾಗಿ 150 ಮಿಲಿಲೀಟರ್. ಪುದೀನ ಒಂದು ದೊಡ್ಡ ಹಿಡಿ, ತೂಗಿದರೆ 30 ಗ್ರಾಂ ಆಸುಪಾಸು. ಸಕ್ಕರೆ 50 ಗ್ರಾಂ, ಅಂದರೆ 4 ಮಟ್ಟದ ದೊಡ್ಡ ಚಮಚ. ಕೆಟಲ್ ಮುಕ್ಕಾಲು ಲೀಟರಿನದಾದರೂ ಇರಬೇಕು, ಇಲ್ಲವಾದರೆ ಸೊಪ್ಪಿಗೆ ಜಾಗ ಸಾಲದು.

ಮಾಡುವ ವಿಧಾನ

1. ನೀರನ್ನು ಬೇರೆ ಪಾತ್ರೆಯಲ್ಲಿ ಮಳಮಳ ಕುದಿಸಿ. ಹಸಿರು ಚಹಾಕ್ಕೆ ಕುದಿಯುವ ನೀರು ಹಾಕಬಾರದು, 80 ಡಿಗ್ರಿ ಸಾಕು ಎಂದು ನೀವು ಓದಿರಬಹುದು. ಬೇರೆ ಹಸಿರು ಚಹಾಗಳಿಗೆ ಅದು ಸರಿಯಾದ ಮಾತು. ಬಿಗಿಯಾಗಿ ಸುತ್ತಿದ ಈ ಗುಂಡು ಬಿಚ್ಚಿಕೊಳ್ಳಲು ಕುದಿನೀರೇ ಬೇಕು. ಅದರಿಂದ ಬರುವ ಒಗರನ್ನು ಮುಂದಿನ ಎರಡು ಹಂತಗಳಲ್ಲಿ ತೆಗೆಯುತ್ತೇವೆ.

2. ಕೆಟಲ್‌ಗೆ ಚಹಾ ಹಾಕಿ, ಅರ್ಧ ಲೋಟದಷ್ಟು, ಅಂದರೆ ಸುಮಾರು 60 ಮಿಲಿಲೀಟರ್, ಕುದಿನೀರು ಹೊಯ್ಯಿರಿ. ಅಲ್ಲಾಡಿಸಬೇಡಿ. ಒಂದು ನಿಮಿಷ ಬಿಟ್ಟು ಆ ನೀರನ್ನು ಒಂದು ಲೋಟಕ್ಕೆ ಬಸಿದು ಪಕ್ಕಕ್ಕಿಡಿ. ಅದು ತಿಳಿ ಹೊನ್ನಿನ ಬಣ್ಣದಲ್ಲಿರುತ್ತದೆ. ಇದನ್ನು ಅಲ್ಲಿ ‘ರೂಹ್’ ಎನ್ನುತ್ತಾರೆ, ಅಂದರೆ ಜೀವ, ಚೇತನ. ಚಹಾದ ಮೊದಲ ಘಮ ಇದರಲ್ಲಿದೆ, ಚೆಲ್ಲಬೇಡಿ. ಮೊದಲ ನೀರನ್ನೂ ಚೆಲ್ಲುವ ಮನೆಗಳು ಅಲ್ಲಿ ಇಲ್ಲದಿಲ್ಲ. ನನಗೆ ಉಳಿಸಿಕೊಳ್ಳುವ ಪದ್ಧತಿಯೇ ಮೆಚ್ಚು.

3. ಮತ್ತೆ 90 ಮಿಲಿಲೀಟರಿನಷ್ಟು ಕುದಿನೀರು ಹಾಕಿ. ಈ ಸಲ ಕೆಟಲ್ ಹಿಡಿದು ಚೆನ್ನಾಗಿ ಸುತ್ತಾಡಿಸಿ, ಅರ್ಧ ನಿಮಿಷ ಬಿಟ್ಟು ಬಸಿಯಿರಿ. ಬರುವ ನೀರು ಕದಡಿರುತ್ತದೆ, ನಾಲಿಗೆಗೆ ತಾಗಿಸಿದರೆ ಕಹಿ. ಇದನ್ನು ಚೆಲ್ಲಿ. ಇನ್ನೂ ಕದಡಿದೆ ಎನ್ನಿಸಿದರೆ ಇನ್ನೊಂದು ಸಲ ತೊಳೆಯಬಹುದು, ಅದಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿ ಮಾಡಿದ ಚಹಾ ಬಾಯಿ ಒಣಗಿಸುವಷ್ಟು ಒಗರಾಗುವುದು ಈ ಹಂತವನ್ನು ಹಾರಿಸಿದ್ದರಿಂದ. ಇಡೀ ವಿಧಾನದಲ್ಲಿ ಒಂದನ್ನು ಮಾತ್ರ ನೆನಪಿಡುತ್ತೇನೆ ಎನ್ನುವವರು ಇದನ್ನು ನೆನಪಿಡಿ.

4. ಎತ್ತಿಟ್ಟ ರೂಹ್ ಅನ್ನು ಕೆಟಲ್‌ಗೆ ಮರಳಿ ಸುರಿದು, ಅರ್ಧ ಲೀಟರ್ ಕುದಿನೀರು ಸೇರಿಸಿ.

5. ಸಣ್ಣ ಉರಿಯಲ್ಲಿ 2ರಿಂದ 3 ನಿಮಿಷ ಇಡಿ. ಮೇಲೆ ಕಂದು ನೊರೆಯಂತೆ ಎಲೆಗಳು ಉಬ್ಬಿ ಬರುತ್ತವೆ. ಉಕ್ಕುವ ಮೊದಲು ಇಳಿಸಿ. ಕಡುಕಾಫಿಯ ರೂಢಿಯವರು ‘ಇನ್ನೂ ಸ್ವಲ್ಪ ಸ್ಟ್ರಾಂಗ್ ಆಗಲಿ’ ಎಂದು 10 ನಿಮಿಷ ಕುದಿಸುತ್ತಾರೆ. ಕುದಿಸಿದಷ್ಟೂ ಒಗರು ಬಿಡುತ್ತದೆಯೇ ಹೊರತು ಘಮ ಹೆಚ್ಚುವುದಿಲ್ಲ. ಗಟ್ಟಿ ಬೇಕಿದ್ದರೆ ಚಹಾವನ್ನೇ ಅರ್ಧ ಚಮಚ ಹೆಚ್ಚು ಹಾಕಿ.

6. ಒಲೆ ಆರಿಸಿ, ಸಕ್ಕರೆ ಹಾಕಿ, ಪುದೀನವನ್ನು ದಂಟಿನ ಸಮೇತ ಮುರಿದು ಒಳಗೆ ತುಂಬಿ. ಕೈಯಲ್ಲಿ ಹಿಚುಕಬೇಡಿ, ಕುಟ್ಟಬೇಡಿ; ಎಲೆ ಜಜ್ಜಿದರೆ ಹುಲ್ಲಿನ ವಾಸನೆ ಬರುತ್ತದೆ. ಒಂದು ಎಲೆಯೂ ನೀರಿನ ಮೇಲೆ ತೇಲದಂತೆ ಚಮಚದ ಬೆನ್ನಿನಿಂದ ಅದುಮಿ ಮುಳುಗಿಸಿ. ಮೇಲೆ ಉಳಿದ ಎಲೆ ಹಬೆಯಲ್ಲಿ ಕಪ್ಪಾಗಿ ಇಡೀ ಕೆಟಲ್‌ನ ರುಚಿ ಕೆಡಿಸುತ್ತದೆ. ಮುಚ್ಚಿ, 3 ನಿಮಿಷ ಬಿಡಿ. ಸೊಪ್ಪು ಹಾಕಿದ ಮೇಲೆ ಕುದಿಸುವುದು ಬೇಡವೇ ಬೇಡ. ಕುದಿಸಿದ ಪುದೀನದ ಬಣ್ಣ ಕಂದಾಗುತ್ತದೆ, ಘಮದ ತೈಲ ಹಬೆಯ ಜೊತೆ ಹಾರಿಹೋಗುತ್ತದೆ. ಆಗ ಅಡುಗೆಮನೆಯೆಲ್ಲ ಪರಿಮಳಿಸುತ್ತದೆ, ಲೋಟದಲ್ಲಿ ಮಾತ್ರ ಏನೂ ಇರುವುದಿಲ್ಲ.

7. ಚಮಚದಿಂದ ಕಲಕಬೇಡಿ. ಒಂದು ಲೋಟ ತುಂಬಾ ಚಹಾ ಬಸಿದು ಮತ್ತೆ ಕೆಟಲ್‌ಗೆ ಸುರಿಯಿರಿ. ಹೀಗೆ 3 ಸಲ ಮಾಡಿದರೆ ಸಕ್ಕರೆ ಕರಗಿ ಎಲ್ಲ ಒಂದಾಗುತ್ತದೆ, ಸೊಪ್ಪೂ ಹರಿಯುವುದಿಲ್ಲ. ಈಗ ಒಂದು ಗುಟುಕು ರುಚಿ ನೋಡಿ, ಬೇಕಿದ್ದರೆ ಸಕ್ಕರೆ ಸೇರಿಸಿ.

8. ಎತ್ತರದಿಂದ ಹೊಯ್ಯಿರಿ. ಲೋಟ ಸಣ್ಣದು, ಗಾಜಿನದು ಇರಲಿ; ಮೊದಲು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿಕೊಂಡರೆ ಬಿರುಕು ಬಿಡುವ ಭಯವಿಲ್ಲ. ಕೆಟಲ್‌ನ ಮೂತಿಯನ್ನು ಲೋಟದ ಅಂಚಿಗೆ ತಂದು ಹೊಯ್ಯಲು ಶುರು ಮಾಡಿ, ಧಾರೆ ಕಟ್ಟಿದ ಮೇಲೆ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಒಂದಡಿ ಎತ್ತರ ಸಾಕು. ನಿಲ್ಲಿಸುವಾಗ ಮತ್ತೆ ಕೆಳಗೆ ತಂದು ತಟ್ಟನೆ ಮೂತಿ ಎತ್ತಿ. ಲೋಟದ ಮೂರನೆಯ ಎರಡು ಭಾಗ ಮಾತ್ರ ತುಂಬಿ; ಖಾಲಿ ಬಿಟ್ಟ ಅಂಚನ್ನು ಹಿಡಿದೇ ಬಿಸಿ ಲೋಟ ಎತ್ತಬೇಕು.

ಹೊಯ್ಯುವುದು ಬರೀ ತೋರಿಕೆಯಲ್ಲ. ಧಾರೆ ಗಾಳಿಯಲ್ಲಿ ಇಳಿಯುವಾಗ ಚಹಾ ಕುಡಿಯುವ ಹದಕ್ಕೆ ತಣಿಯುತ್ತದೆ, ಮೇಲೆ ಸಣ್ಣ ಗುಳ್ಳೆಯ ನೊರೆ ಕಟ್ಟುತ್ತದೆ. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವುದೂ ಇದಕ್ಕಾಗಿಯೇ ತಾನೆ. ಈ ನೊರೆಗೆ ಅವರು ಇಟ್ಟ ಹೆಸರು ‘ರೆಝ್ಝಾ’, ಅಂದರೆ ಮುಂಡಾಸು. ಮುಂಡಾಸಿಲ್ಲದ ಚಹಾವನ್ನು ಅತಿಥಿಗೆ ಕೊಡುವುದು ಅಲ್ಲಿ ಮರ್ಯಾದೆಯ ಮಾತಲ್ಲ. ನೊರೆಗೆ ಕಾರಣ ಚಹಾದಲ್ಲಿರುವ ಸ್ಯಾಪೊನಿನ್. ಅಂಟುವಾಳದ ಕಾಯಿ ನೊರೆ ಬಿಡುವುದೂ ಇದೇ ಬಗೆಯ ವಸ್ತುವಿನಿಂದ. ನಿಮ್ಮ ಲೋಟದಲ್ಲಿ ನೊರೆ ಬರದಿದ್ದರೆ ಮೊದಲು ಚಹಾ ತೀರ ತೆಳುವಾಯಿತೇ ಎಂದು ನೋಡಿ, ಆಮೇಲೆ ಎತ್ತರ ನೋಡಿ.

ಮೊದಲ ದಿನವೇ ಬಿಸಿ ಚಹಾದಲ್ಲಿ ಪ್ರಯೋಗ ಬೇಡ. ಕೆಟಲ್‌ಗೆ ತಣ್ಣೀರು ತುಂಬಿ, ಸಿಂಕಿನೊಳಗೆ ಲೋಟ ಇಟ್ಟು ಹತ್ತು ಸಲ ಹೊಯ್ದು ಕೈ ಪಳಗಿಸಿಕೊಳ್ಳಿ. ಮಕ್ಕಳು ಹತ್ತಿರ ಇದ್ದಾಗ ಮತ್ತು ಕೈಯಲ್ಲಿ ಲೋಟ ಹಿಡಿದುಕೊಂಡು ಎಂದಿಗೂ ಎತ್ತರದಿಂದ ಹೊಯ್ಯಬೇಡಿ. ಲೋಟ ತಟ್ಟೆಯ ಮೇಲೇ ಇರಲಿ.

ಸಕ್ಕರೆ ಕಡಿಮೆ ಮಾಡಬಹುದೇ?

ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ಮೇಲಿನ ಅಳತೆಯಲ್ಲಿ ಲೋಟಕ್ಕೆ ಸುಮಾರು 12 ಗ್ರಾಂ ಸಕ್ಕರೆ ಬೀಳುತ್ತದೆ. ಮೊರೊಕ್ಕೊದ ಎಷ್ಟೋ ಮನೆಗಳಲ್ಲಿ ಇದಕ್ಕಿಂತ ಹೆಚ್ಚೇ ಹಾಕುತ್ತಾರೆ. ಅಲ್ಲಿ ಸಕ್ಕರೆ ಗೋಪುರದಾಕಾರದ ದೊಡ್ಡ ಗಟ್ಟಿಯಾಗಿ ಬರುತ್ತದೆ, ಸಣ್ಣ ಸುತ್ತಿಗೆಯಿಂದ ಒಡೆದು ತುಂಡುಗಳನ್ನು ಹಾಕುತ್ತಾರೆ. ಮದುವೆ ಮಾತುಕತೆಗೆ ಹೋಗುವಾಗಲೂ ಆ ಗಟ್ಟಿಯನ್ನು ಕಾಣಿಕೆಯಾಗಿ ಒಯ್ಯುವ ಪದ್ಧತಿಯಿದೆ. ನೀವು 30 ಗ್ರಾಂಗೆ ಇಳಿಸಿದರೂ ರುಚಿ ನಿಲ್ಲುತ್ತದೆ. ಅದಕ್ಕಿಂತ ಇಳಿಸುವುದಾದರೆ ಚಹಾವನ್ನೂ ಒಂದೂವರೆ ಚಮಚಕ್ಕೆ ಇಳಿಸಿ, ಯಾಕೆಂದರೆ ಒಗರನ್ನು ಅಡಗಿಸಿ ಹಿಡಿಯುವುದು ಸಿಹಿಯೇ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಬಿಟ್ಟು, 5ನೇ ಹಂತವನ್ನೂ ಬಿಟ್ಟು ತೆಳುವಾಗಿ ಮಾಡಿಕೊಂಡರೆ ಕುಡಿಯಲು ಹಿತವಾಗಿಯೇ ಇರುತ್ತದೆ.

ಬೆಲ್ಲ ಹಾಕುವ ಆಸೆ ನಮಗೆಲ್ಲ ಬರುತ್ತದೆ. ಬೇಡ. ಬೆಲ್ಲಕ್ಕೆ ತನ್ನದೇ ಗಟ್ಟಿ ರುಚಿಯಿದೆ, ಪುದೀನದ ಘಮ ಅದರಡಿ ಹೂತುಹೋಗುತ್ತದೆ, ತಿಳಿ ಚಹಾ ಕದಡುತ್ತದೆ. ಕಲ್ಲುಸಕ್ಕರೆ ಆಗಬಹುದು, ಕರಗಲು ತಡವಾಗುತ್ತದೆ ಅಷ್ಟೆ. 4ನೇ ಹಂತದಲ್ಲೇ ಹಾಕಿಬಿಡಿ. ಹಾಲು, ಶುಂಠಿ, ಏಲಕ್ಕಿ ಯಾವುದೂ ಇದಕ್ಕೆ ಸಲ್ಲದು.

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರು ಊಟದ ಜೊತೆಗೇ ಈ ಚಹಾ ಕುಡಿಯಬೇಡಿ, ಒಂದು ಗಂಟೆಯ ಅಂತರ ಇರಲಿ. ಊಟದ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳುವುದಕ್ಕೆ ಚಹಾದ ಟ್ಯಾನಿನ್ ಅಡ್ಡಿ ಮಾಡುತ್ತದೆ.

ಎರಡನೆಯ ಸುತ್ತು, ಬೇರೆ ಸೊಪ್ಪುಗಳು

ಒಮ್ಮೆ ಮಾಡಿದ ಚಹಾದ ಎಲೆಯಲ್ಲಿ ಇನ್ನೊಂದು ಸುತ್ತಿಗೆ ಸತ್ವವಿರುತ್ತದೆ. ಹಳೆಯ ಪುದೀನ ತೆಗೆದುಹಾಕಿ, ಕುದಿನೀರು, ಹೊಸ ಸೊಪ್ಪು, ಸ್ವಲ್ಪ ಸಕ್ಕರೆ ಸೇರಿಸಿ 4 ನಿಮಿಷ ಬಿಡಿ. ಸಹಾರದ ಕಡೆ ಒಂದೇ ಎಲೆಯಲ್ಲಿ ಮೂರು ಸುತ್ತು ಮಾಡಿ ಕುಡಿಯುವುದು ವಾಡಿಕೆ, ಸುತ್ತಿನಿಂದ ಸುತ್ತಿಗೆ ಹಗುರಾಗುತ್ತ ಹೋಗುತ್ತದೆ. ಮೊದಲ ಸುತ್ತಿನ ಸೊಪ್ಪನ್ನು ಕೆಟಲ್‌ನಲ್ಲೇ ಬಿಟ್ಟು ಸಂಜೆ ಮತ್ತೆ ಬಿಸಿ ಮಾಡುವುದು ಮಾತ್ರ ಬೇಡ.

ಅಲ್ಲಿ ‘ಮರ್ದದ್ದೂಷ್’ ಎಂಬ ಸೊಪ್ಪನ್ನೂ ಪುದೀನದ ಜೊತೆ ಒಂದೆರಡು ಎಸಳು ಹಾಕುತ್ತಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಹೆಂಗಸರು ಹೂವಿನ ದಂಡೆಯಲ್ಲಿ ಕಟ್ಟುವ ಮರುಗ. ಘಮ ಎಷ್ಟು ಚೆನ್ನಾಗಿ ಕೂಡುತ್ತದೆ ಎಂದರೆ ಒಮ್ಮೆ ಹಾಕಿದವರು ಬಿಡುವುದಿಲ್ಲ. ಆದರೆ ಹೂವಿನ ಅಂಗಡಿಯ ಮರುಗ ತಿನ್ನುವುದಕ್ಕೆ ಬೆಳೆದದ್ದಲ್ಲ, ಔಷಧ ಹೊಡೆದಿರಬಹುದು. ಕುಂಡದಲ್ಲಿ ನೀವೇ ಬೆಳೆದದ್ದಾದರೆ ಮಾತ್ರ ಹಾಕಿ.

ಚಳಿಗಾಲದಲ್ಲಿ ಪುದೀನ ಕಡಿಮೆಯಾದಾಗ ಅವರು ‘ಶೀಬಾ’ ಎಂಬ ಬೂದುಬಣ್ಣದ ಕಹಿ ಸೊಪ್ಪಿನ ಒಂದು ಚಿಗುರು ಹಾಕುತ್ತಾರೆ. ನಮ್ಮ ದವನ ಮತ್ತು ಮಾಚಿಪತ್ರೆ ಅದೇ ಕುಲದ ಗಿಡಗಳು. ಅಂತ ಅವನ್ನು ಬದಲಿಗೆ ಹಾಕಬೇಡಿ. ಜಾತಿ ಬೇರೆ, ಗುಣ ಬೇರೆ. ಶೀಬಾದಲ್ಲಿ ಥುಜೋನ್ ಎಂಬ ಪದಾರ್ಥವಿದ್ದು ಹೆಚ್ಚಾದರೆ ವಿಷ, ಬಸುರಿಯರಿಗಂತೂ ಖಂಡಿತ ಕೂಡದು. ಮನೆಯಲ್ಲಿ ಈ ದಾರಿಗೇ ಹೋಗದಿರುವುದು ಲೇಸು.

ಸೆಕಂಜಬೀನ್: ಇರಾನಿನ ಪುದೀನ ಪಾಕ

ಹೆಸರು ವಿನೆಗರ್ ಮತ್ತು ಜೇನು ಎಂಬ ಅರ್ಥದ ಎರಡು ಫಾರ್ಸಿ ಪದಗಳಿಂದ ಆದದ್ದು. ಈಗ ಮನೆಗಳಲ್ಲಿ ಜೇನಿನ ಬದಲು ಸಕ್ಕರೆಯೇ ಹೆಚ್ಚು. ನವ್‌ರೂಜ್ ಹಬ್ಬದ 13ನೇ ದಿನ, ‘ಸಿಜ್ದಾ ಬೆದರ್’ ಎಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವಾಗ, ಎಳೆ ಲೆಟ್ಯೂಸ್ ಎಲೆಗಳನ್ನು ಈ ಪಾಕದಲ್ಲಿ ಅದ್ದಿ ತಿನ್ನುತ್ತಾರೆ. ಬೇಸಿಗೆಯಲ್ಲಿ ತಣ್ಣೀರಿಗೆ ಬೆರೆಸಿ ಶರಬತ್ತು.

1. 2 ಕಪ್ ಸಕ್ಕರೆಗೆ 1 ಕಪ್ ನೀರು ಹಾಕಿ ಕರಗಿಸಿ, 10 ನಿಮಿಷ ಸಣ್ಣಗೆ ಕುದಿಸಿ. ಪಾತ್ರೆ ಸ್ಟೀಲಿನದ್ದೇ ಇರಲಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ವಿನೆಗರ್‌ನ ಹುಳಿ ಕೊರೆಯುತ್ತದೆ.

2. ಕಪ್‌ನ ಮೂರನೆಯ ಒಂದು ಭಾಗದಷ್ಟು ವಿನೆಗರ್ ಹಾಕಿ ಮತ್ತೆ 10ರಿಂದ 15 ನಿಮಿಷ ಕುದಿಸಿ. ಬೆರಳ ನಡುವೆ ಎಳೆದರೆ ಅಂಟುವಂತಿರಬೇಕು, ಎಳೆ ಪೂರ್ತಿ ಕಟ್ಟಬಾರದು. ಜಿಲೇಬಿಯ ಪಾಕದಷ್ಟು ಬಲಿತರೆ ಫ್ರಿಜ್‌ನಲ್ಲಿ ಹರಳುಗಟ್ಟುತ್ತದೆ.

3. ಒಲೆ ಆರಿಸಿದ ಮೇಲೆ ಚೆನ್ನಾಗಿ ತೊಳೆದು ಒರೆಸಿದ ಪುದೀನದ ಒಂದು ಸಣ್ಣ ಕಟ್ಟನ್ನು ದಾರದಲ್ಲಿ ಕಟ್ಟಿ ಮುಳುಗಿಸಿ. ಪೂರ್ತಿ ಆರಿದ ಮೇಲೆ ಸೊಪ್ಪು ತೆಗೆದು, ಪಾಕವನ್ನು ಒಣಗಿದ ಗಾಜಿನ ಶೀಶೆಗೆ ಸೋಸಿ. ಫ್ರಿಜ್‌ನಲ್ಲಿ ಒಂದು ತಿಂಗಳು ಇಡಬಹುದು.

ಕುಡಿಯುವಾಗ 1 ಪಾಲು ಪಾಕಕ್ಕೆ 3 ಪಾಲು ತಣ್ಣೀರು, ಮಂಜುಗಡ್ಡೆ, ಮತ್ತು ಮುಖ್ಯವಾಗಿ ತುರಿದ ಎಳೆ ಸೌತೆಕಾಯಿ. ಸೌತೆ ಬಿಟ್ಟರೆ ಇದು ಅರೆಬರೆ.

ಇಲ್ಲಿ ಎಡವುವುದು ವಿನೆಗರ್ ಆಯ್ಕೆಯಲ್ಲಿ. ನಮ್ಮ ಅಂಗಡಿಗಳ ಅಗ್ಗದ ಬಿಳಿ ಶೀಶೆಗಳ ಮೇಲೆ ‘ಸಿಂಥೆಟಿಕ್’ ಎಂದು ಬರೆದಿರುತ್ತದೆ, ಅಂದರೆ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಅದರ ಹುಳಿ ಚೂಪು, ಮೂಗಿಗೆ ಇರಿಯುತ್ತದೆ. ಹುದುಗಿಸಿ ಮಾಡಿದ ವಿನೆಗರ್ ತೆಗೆದುಕೊಳ್ಳಿ. ಆಪಲ್ ಸೈಡರ್ ವಿನೆಗರ್ ಆದೀತು. ನಿಂಬೆರಸ ಹಾಕಿದರೆ ಅದು ಒಳ್ಳೆಯ ಶರಬತ್ತೇ ಹೌದು, ಸೆಕಂಜಬೀನ್ ಅಲ್ಲ.

ಲೆಮನ್ ಮಿಂಟ್ ಕಹಿಯಾಗದಂತೆ

ಲೆಬನಾನ್, ಸಿರಿಯ, ಪ್ಯಾಲೆಸ್ಟೈನ್, ಇಸ್ರೇಲ್ ಕಡೆಯ ‘ಲಿಮೊನಾನಾ’ವೇ ಕೊಲ್ಲಿಯಲ್ಲಿ ಲೆಮನ್ ಮಿಂಟ್ ಆಗಿರುವುದು. ಲಿಮೋನ್ ಮತ್ತು ನಾನಾ ಸೇರಿ ಆದ ಹೆಸರು. ಅಲ್ಲಿಯ ನಿಂಬೆ ದೊಡ್ಡದು, ಹಳದಿ ಸಿಪ್ಪೆಯದು, ಹುಳಿ ಮೃದು. ನಮ್ಮ ಗುಂಡು ನಿಂಬೆ ಚೂಪು. ಆದ್ದರಿಂದ ಅಲ್ಲಿನ ಅಳತೆಯನ್ನು ಹಾಗೆಯೇ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ.

2 ದೊಡ್ಡ ಲೋಟಗಳಿಗೆ 3 ದೊಡ್ಡ ಚಮಚ ನಿಂಬೆರಸ, 4 ದೊಡ್ಡ ಚಮಚ ಸಕ್ಕರೆ, 25 ಪುದೀನ ಎಲೆ, 1 ಕಪ್ ತಣ್ಣೀರು, 2 ಕಪ್ ಮಂಜುಗಡ್ಡೆ. ಇಲ್ಲಿ ಎಲೆ ಮಾತ್ರ, ದಂಟು ಬೇಡ. ರಸವನ್ನು ಕೈಯಿಂದ ಹಿಂಡಿ, ಬೀಜ ಸೋಸಿ. ನಿಂಬೆಯನ್ನು ಸಿಪ್ಪೆಯ ಸಮೇತ ಮಿಕ್ಸಿಗೆ ಹಾಕಿದರೆ ಸಿಪ್ಪೆಯೊಳಗಿನ ಬಿಳಿ ತೊಗಟೆಯೂ ಒಡೆದ ಬೀಜವೂ ಕಹಿ ಬಿಡುತ್ತವೆ. ನಿಮ್ಮಲ್ಲಿ ಹೆಚ್ಚಿನವರ ತೊಂದರೆ ಇದೇ. ಮೊದಲು ಸಕ್ಕರೆ, ರಸ, ನೀರನ್ನು ತಿರುಗಿಸಿ ಸಕ್ಕರೆ ಕರಗಿಸಿಕೊಳ್ಳಿ. ಆಮೇಲೆ ಎಲೆ ಮತ್ತು ಮಂಜುಗಡ್ಡೆ ಒಟ್ಟಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ 15 ಸೆಕೆಂಡು ತಿರುಗಿಸಿ. ಮಂಜುಗಡ್ಡೆ ಜೊತೆಗಿದ್ದರೆ ಬ್ಲೇಡಿನ ಬಿಸಿ ಎಲೆಗೆ ತಾಗುವುದಿಲ್ಲ. ನುಣ್ಣಗಾಗಲಿ ಎಂದು ಎರಡು ನಿಮಿಷ ಓಡಿಸಿದರೆ ಕಹಿ ಬರುವುದು ಖಂಡಿತ. ಮಾಡಿದ ತಕ್ಷಣ ಕುಡಿಯಿರಿ. ನಿಂಬೆಯ ಹುಳಿಗೆ ಹಸಿರು ಬಣ್ಣ ಬೇಗ ಮಂಕಾಗುತ್ತದೆ.

ದೂಗ್

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ, ಮಜ್ಜಿಗೆ ನಮಗೆ ಗೊತ್ತು. ಹುಳಿ ಬಂದ ಗಟ್ಟಿ ಮೊಸರು 1 ಕಪ್, ನೀರು ಒಂದೂವರೆ ಕಪ್, ಅರ್ಧ ಟೀ ಚಮಚ ಉಪ್ಪು, 1 ಟೀ ಚಮಚ ಒಣ ಪುದೀನ. ಕಡೆದು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ನೀರಿನ ಬದಲು ಸೋಡ ಹಾಕುವುದೂ ಇರಾನಿನಲ್ಲಿ ರೂಢಿಯಲ್ಲಿದೆ. ಹಾಗಾದರೆ ಸೋಡವನ್ನು ಕುಡಿಯುವ ಹೊತ್ತಿಗೆ ಬೆರೆಸಿ. ಮೆಣಸಿನಕಾಯಿ, ಇಂಗು, ಒಗ್ಗರಣೆ ಯಾವುದೂ ಬೇಡ. ಗಮನವಿಡಬೇಕಾದದ್ದು ಒಂದೇ: ಪುದೀನ ಹಸಿಯದಲ್ಲ, ಒಣಗಿದ್ದು. ಎಲೆ ಬಿಡಿಸಿ, ನೀರಾರಿಸಿ, ಬಟ್ಟೆಯ ಮೇಲೆ ಹರಡಿ ನೆರಳಲ್ಲಿ 3-4 ದಿನ ಒಣಗಿಸಿ. ಬಿಸಿಲಿಗಿಟ್ಟರೆ ಕಪ್ಪಾಗಿ ಒಣ ಹುಲ್ಲಿನ ವಾಸನೆ ಬರುತ್ತದೆ. ಮುಟ್ಟಿದರೆ ಪುಡಿಯಾಗುವಂತಾದ ಮೇಲೆ ಡಬ್ಬಿಗೆ ಹಾಕಿ, ಬಳಸುವಾಗ ಅಂಗೈಯಲ್ಲಿ ಉಜ್ಜಿ ಉದುರಿಸಿ.

ಸೊಪ್ಪು ಮನೆಯಲ್ಲೇ ಬೇಕೆಂದರೆ

ವಾರಕ್ಕೆರಡು ಸಲ ಅತಾಯ್ ಮಾಡುವವರಿಗೆ ಕುಂಡದ ಪುದೀನವೇ ಸುಖ. ಸಂತೆಯಿಂದ ತಂದ ಕಟ್ಟಿನಲ್ಲಿ ಮೇಲೆ ಹೇಳಿದಂತೆ ಜಗಿದು ನೋಡಿ, ಘಮ ಮೆಚ್ಚಿಗೆಯಾದ ಕಟ್ಟಿನಿಂದ ಗಟ್ಟಿಮುಟ್ಟಾದ ನಾಲ್ಕೈದು ದಂಟು ಆರಿಸಿ. ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಗಿಣ್ಣಿನಿಂದ ಬಿಳಿ ಬೇರು ಬಿಡುತ್ತದೆ. ಪುದೀನದ ಬೇರು ಆಳಕ್ಕಿಳಿಯದೆ ಅಡ್ಡಡ್ಡ ಹಬ್ಬುವುದರಿಂದ ಆಳದ ಕುಂಡಕ್ಕಿಂತ ಅಗಲದ ಕುಂಡ ಒಳ್ಳೆಯದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಸಾಕು. ಮಣ್ಣಿನ ತೇವ ಆರಬಾರದು, ತಳದಲ್ಲಿ ನೀರೂ ನಿಲ್ಲಬಾರದು.

ಕೀಳುವಾಗ ಎಲೆ ಎಲೆಯಾಗಿ ಕೀಳಬೇಡಿ. ತುದಿಯಿಂದ ಗೇಣುದ್ದ ದಂಟನ್ನೇ, ಎರಡು ಎಲೆ ಹೊರಟ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಅಲ್ಲಿಂದ ಎರಡು ಕವಲು ಒಡೆಯುತ್ತವೆ. ತುದಿಯಲ್ಲಿ ಮೊಗ್ಗಿನ ತೆನೆ ಕಂಡರೆ ಆ ದಿನವೇ ಚಿವುಟಿ ತೆಗೆಯಿರಿ, ಗಿಡ ಹೂವಿಗೆ ತಿರುಗಿದರೆ ಎಲೆ ಒರಟಾಗುತ್ತದೆ. ಚಹಾಕ್ಕೆ ಬೇಕಾದ ಸೊಪ್ಪನ್ನು ಒಲೆಗೆ ನೀರಿಟ್ಟ ಮೇಲೆ ಕತ್ತರಿಸಿ ತನ್ನಿ, ಅದಕ್ಕಿಂತ ಮುಂಚೆ ಬೇಡ.